ಡಿಎಲ್ ಅವಧಿ ಮುಗಿಯುವ ಮುನ್ನ ನವೀಕರಣ: ಮೊದಲಿನಿಂದ ಕೊನೆಯವರೆಗೆ

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಪರ್ಸಿನಲ್ಲೋ ಕಾರಿನ ಡ್ಯಾಶ್‌ಬೋರ್ಡಿನಲ್ಲೋ ಬೀರುವಿನ ಕಡತದಲ್ಲೋ ಇರುವ ನಿಮ್ಮ ಚಾಲನಾ ಪರವಾನಗಿಯನ್ನು ಹೊರತೆಗೆದು ದಿನಾಂಕ ನೋಡಿ. ವಾಹನದ ವಿಮೆ ಮುಗಿಯುತ್ತಿದ್ದರೆ ಕಂಪನಿಯವರು ತಿಂಗಳು ಮೊದಲೇ ಫೋನ್ ಮಾಡಿ ಮಾಡಿ ಪ್ರಾಣ ತಿನ್ನುತ್ತಾರೆ. ಅಡುಗೆ ಅನಿಲ ಮುಗಿದರೆ ಒಲೆಯೇ ಹೇಳುತ್ತದೆ. ಡಿಎಲ್ ಮಾತ್ರ ಸದ್ದಿಲ್ಲದೆ ಅವಧಿ ಮುಗಿಸಿಕೊಂಡು ಪರ್ಸಿನಲ್ಲಿ ಮೊದಲಿನ ಹಾಗೆಯೇ ಮಲಗಿರುತ್ತದೆ. ನನ್ನದಕ್ಕೆ ಹತ್ತೊಂಬತ್ತು ದಿನ ಮಾತ್ರ ಉಳಿದಿದೆ ಎಂದು ಗೊತ್ತಾದದ್ದು ಬ್ಯಾಂಕಿನಲ್ಲಿ. ಗುರುತಿಗೆಂದು ಕೊಟ್ಟ ಕಾರ್ಡನ್ನು ಕೌಂಟರಿನಲ್ಲಿದ್ದ ಹುಡುಗಿ ಬೆಳಕಿಗೆ ಹಿಡಿದು ನೋಡಿ, ‘ಸರ್, ಇದು ಮುಂದಿನ ತಿಂಗಳು ನಡೆಯುವುದಿಲ್ಲ, ನೋಡಿಕೊಂಡಿದ್ದೀರಾ?’ ಎಂದಳು. ಹದಿನೆಂಟು ವರ್ಷ ಆ ದಿನಾಂಕವನ್ನು ನಾನು ಒಮ್ಮೆಯೂ ಓದಿರಲಿಲ್ಲ.

ಇಲ್ಲಿ ಬರೆದಿರುವುದು ಕರ್ನಾಟಕದಲ್ಲಿ ಡಿಎಲ್ ನವೀಕರಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಮೂಲ ಕಾನೂನು ಕೇಂದ್ರದ್ದು, 1988ರ ಮೋಟಾರು ವಾಹನ ಕಾಯ್ದೆ. ಹಾಗಾಗಿ ಬೇರೆ ರಾಜ್ಯದಲ್ಲಿರುವ ಕನ್ನಡಿಗರಿಗೂ ಹೆಚ್ಚಿನ ಭಾಗ ಅನ್ವಯಿಸುತ್ತದೆ.

ಕಾರ್ಡಿನಲ್ಲಿ ಯಾವ ದಿನಾಂಕ ನೋಡಬೇಕು?

ಕಾರ್ಡಿನಲ್ಲಿ ಅವಧಿಯ ಜಾಗದಲ್ಲಿ ಎನ್‌ಟಿ ಮತ್ತು ಟಿಆರ್ ಎಂಬ ಎರಡು ಗುರುತುಗಳಿರಬಹುದು. ಎನ್‌ಟಿ ಎಂದರೆ ಸಾರಿಗೆಯೇತರ, ಅಂದರೆ ನಮ್ಮ ಸ್ವಂತ ಬೈಕು, ಸ್ಕೂಟರು, ಕಾರು. ಟಿಆರ್ ಎಂದರೆ ಬಾಡಿಗೆ, ಸರಕು ಸಾಗಣೆಯ ಸಾರಿಗೆ ವಾಹನ. ಇವೆರಡರ ಅವಧಿ ಬೇರೆ ಬೇರೆ. ಟ್ಯಾಕ್ಸಿ ಅಥವಾ ಲಾರಿ ಓಡಿಸುವವರು ಎನ್‌ಟಿ ದಿನಾಂಕ ನೋಡಿ ಇನ್ನೂ ಎಂಟು ವರ್ಷ ಇದೆ ಎಂದು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಅಷ್ಟರಲ್ಲಿ ಟಿಆರ್ ಅವಧಿ ಮುಗಿದು ಹೋಗಿರುತ್ತದೆ.

ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಡಿಎಲ್ ಇರುವವರು ಪ್ರತ್ಯೇಕ ನಮೂದು ಇಲ್ಲದೆಯೂ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಚಿಕ್ಕ ಸರಕು ವಾಹನಗಳ ಚಾಲಕರಿಗೆ ಇದು ದೊಡ್ಡ ನೆಮ್ಮದಿ. ದೊಡ್ಡ ಲಾರಿ, ಬಸ್ಸುಗಳಿಗೆ ಈ ಮಾತು ಹೊಂದುವುದಿಲ್ಲ.

ಮೂವತ್ತು ದಿನದ ರಿಯಾಯಿತಿ ಈಗ ಇಲ್ಲ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅವಧಿ ಮುಗಿದ ಮೇಲೂ ಒಂದು ತಿಂಗಳು ಡಿಎಲ್ ನಡೆಯುತ್ತದೆ ಎಂಬುದು ನಮ್ಮ ತಂದೆಯ ಕಾಲದಿಂದ ಬಂದ ನಂಬಿಕೆ. ಅದು ಸುಳ್ಳೂ ಆಗಿರಲಿಲ್ಲ, ಕಾಯ್ದೆಯ 14ನೇ ಕಲಮಿನಲ್ಲಿಯೇ ಹಾಗೆ ಬರೆದಿತ್ತು. 2019ರ ತಿದ್ದುಪಡಿ ಆ ಸಾಲನ್ನು ಅಳಿಸಿಹಾಕಿತು. ಈಗ ಅವಧಿ ಮುಗಿದ ಮರುದಿನ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಸ್ಕೂಟರ್ ಹೊರತೆಗೆದರೆ, ಕಾನೂನಿನ ಕಣ್ಣಿನಲ್ಲಿ ನೀವು ಡಿಎಲ್ ಇಲ್ಲದ ಚಾಲಕ. ಇನ್ನೊಂದು ಗೊಂದಲವೂ ಚಾಲ್ತಿಯಲ್ಲಿದೆ. ಕೋವಿಡ್ ಕಾಲದಲ್ಲಿ ಸರ್ಕಾರ ಅವಧಿಯನ್ನು ಹಲವು ಬಾರಿ ವಿಸ್ತರಿಸಿತ್ತು. ಅದು 2021ರ ಅಕ್ಟೋಬರ್ 31ಕ್ಕೇ ಮುಗಿದ ಕತೆ.

181ನೇ ಕಲಮಿನ ಪ್ರಕಾರ ಚಾಲ್ತಿಯಲ್ಲಿರುವ ಡಿಎಲ್ ಇಲ್ಲದೆ ಓಡಿಸಿದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಸ್ಥಳದಲ್ಲೇ ಕಟ್ಟುವ ದಂಡದ ಮೊತ್ತವನ್ನು ರಾಜ್ಯಗಳು ತಮ್ಮ ಮಟ್ಟಿಗೆ ನಿಗದಿ ಮಾಡಿಕೊಂಡಿವೆ. ವಾಹನದ ಮಾಲೀಕರಿಗೂ 180ನೇ ಕಲಮು ಕಾದಿದೆ, ಡಿಎಲ್ ಇಲ್ಲದವರ ಕೈಗೆ ಬೀಗದ ಕೈ ಕೊಟ್ಟದ್ದಕ್ಕೆ. ಭಾವಮೈದುನನಿಗೆ ಕಾರು ಕೊಡುವ ಮುನ್ನ ಅವನ ಕಾರ್ಡು ಕೇಳುವುದು ಸಂಕೋಚದ ವಿಷಯವೇ. ಆದರೂ ಕೇಳಿ.

ದಂಡಕ್ಕಿಂತ ಭಯಪಡಬೇಕಾದದ್ದು ಅಪಘಾತದ ದಿನಕ್ಕೆ. ಚಾಲಕನ ಬಳಿ ಸರಿಯಾದ ಡಿಎಲ್ ಇರಲಿಲ್ಲ ಎಂಬುದು ವಿಮಾ ಕಂಪನಿಗೆ ಕಾನೂನೇ ಒದಗಿಸಿರುವ ಆಕ್ಷೇಪ. ನಿಮ್ಮ ವಾಹನದ ರಿಪೇರಿ ಹಣ ಅಲ್ಲಿಗೇ ನಿಲ್ಲಬಹುದು. ಎದುರಿನವರಿಗೆ ಗಾಯವಾಗಿದ್ದರೆ, ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪಿನ ನಂತರ ನ್ಯಾಯಾಲಯಗಳು ಸಾಮಾನ್ಯವಾಗಿ ಹಿಡಿದಿರುವ ದಾರಿ ಎಂದರೆ, ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬುದು. ವಸೂಲಿಯ ಮೊತ್ತ ಲಕ್ಷಗಳಲ್ಲಿರುತ್ತದೆ. ನವೀಕರಣದ ಶುಲ್ಕ ನೂರುಗಳಲ್ಲಿದೆ.

ಎಷ್ಟು ದಿನ ಮೊದಲು ಹೊರಡಬೇಕು?

ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಬಹುದು. ಹಾಗೆಂದು ಹನ್ನೊಂದು ತಿಂಗಳು ಮೊದಲೇ ಓಡುವ ಅಗತ್ಯವಿಲ್ಲ, ಏಕೆಂದರೆ ಹೊಸ ಅವಧಿಯ ಎಣಿಕೆ ನವೀಕರಣವಾದ ದಿನದಿಂದ ಶುರುವಾಗುತ್ತದೆ ಮತ್ತು ಉಳಿದ ತಿಂಗಳು ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ನನ್ನ ಲೆಕ್ಕದಲ್ಲಿ ಎರಡರಿಂದ ಮೂರು ತಿಂಗಳು ಮೊದಲು ಹಾಕುವುದು ಹದ. ವಿದೇಶಕ್ಕೆ ಹೋಗುವವರು ಮಾತ್ರ ಒಂದು ವರ್ಷದ ಆ ಕಿಟಕಿಯನ್ನು ಪೂರ್ತಿ ಬಳಸಿಕೊಳ್ಳಲಿ. ಅಲ್ಲಿ ಕುಳಿತು ಇಲ್ಲಿನ ಡಿಎಲ್ ನವೀಕರಿಸಲು ಪರದಾಡುವುದಕ್ಕಿಂತ ನಾಲ್ಕು ತಿಂಗಳು ಕಳೆದುಕೊಳ್ಳುವುದು ವಾಸಿ.

ಕೊನೆಯ ವಾರಕ್ಕೆ ಏಕೆ ಇಟ್ಟುಕೊಳ್ಳಬಾರದು? 2024ರ ಜನವರಿ 31ರಿಂದ ಫೆಬ್ರುವರಿ 12ರವರೆಗೆ, ಡಿಎಲ್ ಅರ್ಜಿ ಹಾಕುವ ಸರ್ಕಾರಿ ತಾಣವಾದ ಸಾರಥಿಯೇ ಸರಿಯಾಗಿ ಕೆಲಸ ಮಾಡಲಿಲ್ಲ. ಆ ದಿನಗಳಲ್ಲಿ ಅವಧಿ ಮುಗಿದವರಿಗೆ ಸರ್ಕಾರ ಫೆಬ್ರುವರಿ 29ರವರೆಗೆ ಮಾನ್ಯತೆ ಕೊಟ್ಟಿತು ನಿಜ. ಪ್ರತಿ ಬಾರಿಯೂ ಹಾಗೆ ಕೊಡುತ್ತಾರೆಂದು ನಂಬಿ ಕೂರುವ ಧೈರ್ಯ ನನಗಿಲ್ಲ.

ಎಷ್ಟು ವರ್ಷಕ್ಕೆ ಸಿಗುತ್ತದೆ?

ಸ್ವಂತ ವಾಹನದ ಡಿಎಲ್ ಎಷ್ಟು ವರ್ಷಕ್ಕೆ ಎಂಬುದನ್ನು ನವೀಕರಣದ ದಿನ ನಿಮ್ಮ ವಯಸ್ಸು ಎಷ್ಟು ಎಂಬುದು ನಿರ್ಧರಿಸುತ್ತದೆ. ಮೂವತ್ತು ತುಂಬದವರಿಗೆ ನಲವತ್ತು ತುಂಬುವವರೆಗೆ. ಮೂವತ್ತು ತುಂಬಿ ಐವತ್ತು ತುಂಬದವರಿಗೆ ಹತ್ತು ವರ್ಷ. ಐವತ್ತು ತುಂಬಿ ಐವತ್ತೈದು ತುಂಬದವರಿಗೆ ಅರವತ್ತು ತುಂಬುವವರೆಗೆ. ಐವತ್ತೈದರ ನಂತರ ಪ್ರತಿ ಸಲವೂ ಐದು ವರ್ಷ. ಐವತ್ತು ತುಂಬುವ ಮುನ್ನ ಮಾಡಿಸಿದರೆ ಲಾಭವೋ ಆಮೇಲೆ ಮಾಡಿಸಿದರೆ ಲಾಭವೋ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ, ಎರಡೂ ಕಡೆ ಹತ್ತಿರ ಹತ್ತಿರ ಹತ್ತು ವರ್ಷವೇ ಬರುತ್ತದೆ. ಜಾಣತನ ತೋರಿಸಲು ಇಲ್ಲಿ ಜಾಗವಿಲ್ಲ.

ಸಾರಿಗೆ ವಾಹನಕ್ಕೆ ಐದು ವರ್ಷ. ಅಪಾಯಕಾರಿ ಸರಕು ಸಾಗಿಸುವವರಿಗೆ ಮೂರು ವರ್ಷ, ಅದಕ್ಕೂ ಒಂದು ದಿನದ ಪುನಶ್ಚೇತನ ತರಬೇತಿ ಮುಗಿಸಿರಬೇಕು.

2019ಕ್ಕಿಂತ ಮೊದಲು ಡಿಎಲ್ ಪಡೆದವರಿಗೆ ಒಂದು ಸೂಚನೆ. ಆಗಿನ ನಿಯಮ ಇಪ್ಪತ್ತು ವರ್ಷ ಅಥವಾ ಐವತ್ತು ವಯಸ್ಸು, ಯಾವುದು ಮೊದಲೋ ಅದು. ಆದ್ದರಿಂದ ಮೂವತ್ತು ದಾಟಿದ ಮೇಲೆ ಆ ಕಾಲದಲ್ಲಿ ಮಾಡಿಸಿದವರ ಕಾರ್ಡು ಬಹುಮಟ್ಟಿಗೆ ಐವತ್ತನೆಯ ಹುಟ್ಟುಹಬ್ಬದ ಹೊತ್ತಿಗೆ ಮುಗಿಯುತ್ತದೆ. ನನ್ನದು ಅದೇ ಜಾತಿಯದು. ಮನೆಯಲ್ಲಿ ಯಾರಿಗಾದರೂ ನಲವತ್ತೊಂಬತ್ತು ನಡೆಯುತ್ತಿದ್ದರೆ ಈಗಲೇ ಅವರ ಕಾರ್ಡು ನೋಡಿ.

ವೈದ್ಯರ ಬಳಿಗೆ ಹೋಗಬೇಕೇ?

ನಲವತ್ತು ತುಂಬದ, ಸ್ವಂತ ವಾಹನ ಮಾತ್ರ ಓಡಿಸುವವರಿಗೆ ನಮೂನೆ 1 ಸಾಕು. ಅದು ಆರೋಗ್ಯದ ಬಗ್ಗೆ ನೀವೇ ಕೊಡುವ ಸ್ವಯಂ ಘೋಷಣೆ. ನಲವತ್ತು ತುಂಬಿದವರಿಗೂ ಸಾರಿಗೆ ವಾಹನದ ಡಿಎಲ್ ಇರುವ ಯಾವ ವಯಸ್ಸಿನವರಿಗೂ ನಮೂನೆ 1-ಎ ಬೇಕು. ಇದನ್ನು ನೋಂದಾಯಿತ ವೈದ್ಯರು ಪರೀಕ್ಷಿಸಿ, ಭಾವಚಿತ್ರ ಅಂಟಿಸಿದ ನಮೂನೆಯ ಮೇಲೆ ಸಹಿ ಮತ್ತು ಮೊಹರು ಹಾಕಿಕೊಡಬೇಕು. ನೋಂದಣಿ ಸಂಖ್ಯೆ ಮತ್ತು ದಿನಾಂಕ ಬಿಟ್ಟುಹೋಗಿಲ್ಲವೇ ಎಂದು ಚಿಕಿತ್ಸಾಲಯದಲ್ಲೇ ನಿಂತು ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ಕಂಡರೆ ಮತ್ತೆ ಹೋಗಬೇಕು.

ಆರ್‌ಟಿಒ ಕಚೇರಿಗಳ ಎದುರು ರೋಗಿಯ ಮುಖ ನೋಡದೆಯೇ ಸಹಿ ಹಾಕಿಕೊಡುವವರು ಸಿಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ದಯವಿಟ್ಟು ಆ ದಾರಿ ಬೇಡ. ನಮೂನೆ ಕೇಳುವ ಪ್ರಶ್ನೆಗಳು ನಿಜಕ್ಕೂ ಉಪಯುಕ್ತವಾದವು. ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕವಿದ್ದರೆ ಹಾಕಿಕೊಂಡೇ, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ? ಇರುಳುಗುರುಡು ಇದೆಯೇ? ಮೂರ್ಛೆ ಅಥವಾ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವ ತೊಂದರೆ ಇದೆಯೇ? ಮೊದಲನೆಯದನ್ನು ಮನೆಯ ಮುಂದಿನ ರಸ್ತೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಸುಮಾರು ಮೂವತ್ತೈದು ಹೆಜ್ಜೆ ಹಿಂದೆ ಸರಿದು ನಿಂತರೆ ಆಯಿತು. ನಾನು ನಿಂತು ನೋಡಿದೆ. ಕೆಎ ಕಂಡಿತು, ಕೊನೆಯ ಎರಡು ಅಂಕಿ ಕಾಣಲಿಲ್ಲ. ಡಿಎಲ್ ಕೆಲಸಕ್ಕೂ ಮೊದಲು ಕನ್ನಡಕದ ಅಂಗಡಿಗೆ ಹೋಗಿ ಬಂದೆ.

ಬಣ್ಣಗುರುಡು ಇದ್ದವರಿಗೆ ಡಿಎಲ್ಲೇ ಸಿಗುವುದಿಲ್ಲ ಎಂಬುದು ಈಗ ಪೂರ್ತಿ ನಿಜವಲ್ಲ. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೆ 2020ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದ್ದರಿಂದ ಘೋಷಣೆಯಲ್ಲಿ ಸುಳ್ಳು ಬರೆಯಬೇಡಿ, ವೈದ್ಯರಿಗೆ ಹೇಳಿ.

ಅರ್ಜಿಗೆ ಕೂರುವ ಮೊದಲು

ಡಿಎಲ್, ಆಧಾರ್, ವಿಳಾಸದ ದಾಖಲೆ, ಬೇಕಿದ್ದರೆ ನಮೂನೆ 1-ಎ, ಇತ್ತೀಚಿನ ಭಾವಚಿತ್ರ, ಬಿಳಿ ಹಾಳೆಯ ಮೇಲೆ ಮಾಡಿದ ಸಹಿ. ಇವಿಷ್ಟನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಕಡತದ ಗಾತ್ರ ಎಷ್ಟು ಮೀರಬಾರದು ಎಂದು ತಾಣದಲ್ಲೇ ಬರೆದಿರುತ್ತದೆ, ಮೊಬೈಲಿನಲ್ಲಿ ತೆಗೆದ ಚಿತ್ರಗಳು ಸಾಮಾನ್ಯವಾಗಿ ಅದನ್ನು ಮೀರಿರುತ್ತವೆ, ಕುಗ್ಗಿಸಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಆಧಾರ್ ಮತ್ತು ಡಿಎಲ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು, ಜನ್ಮದಿನಾಂಕ ಹೋಲಿಸಿ. ನಮ್ಮ ಕಡೆ ಇನಿಷಿಯಲ್‌ಗಳ ಕಾಟ ತಪ್ಪಿದ್ದಲ್ಲ. ಒಂದರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಊರಿನ ಹೆಸರು ಪೂರ್ತಿ ಬಿಡಿಸಿ ಬರೆದದ್ದು. 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಬಹುದಾದ 18 ಸೇವೆಗಳನ್ನು ಪ್ರಕಟಿಸಿತು. ಚಾಲನಾ ಪರೀಕ್ಷೆ ಬೇಕಿಲ್ಲದ ಡಿಎಲ್ ನವೀಕರಣ ಅವುಗಳಲ್ಲಿ ಒಂದು. ಈ ಅನುಕೂಲ ಸಿಗಬೇಕಾದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು ಮತ್ತು ವಿವರಗಳು ತಾಳೆಯಾಗಬೇಕು. ಇಲ್ಲದಿದ್ದರೆ ಕಚೇರಿಗೆ ಹೋಗುವ ದಾರಿ ಇದ್ದೇ ಇದೆ.

ಸಾರಥಿಯಲ್ಲಿ ಅರ್ಜಿ

1. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣಕ್ಕೆ ಹೋಗಿ. ವಿಳಾಸದ ಕೊನೆ ‘ಗವ್ ಡಾಟ್ ಇನ್’ ಎಂದೇ ಇರಬೇಕು. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಗಳನ್ನು ಒತ್ತಬೇಡಿ, ಸರ್ಕಾರಿ ತಾಣದ ವೇಷ ಹಾಕಿದ ಖಾಸಗಿಯವರು ಬೇಕಾದಷ್ಟಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಪರಿವಾಹನ್ ಹೆಸರಿನ ಆ್ಯಪ್ ಕಡತವನ್ನಂತೂ ಮುಟ್ಟಲೇಬೇಡಿ, ಅದು ಬ್ಯಾಂಕ್ ಖಾತೆಗೆ ಹಾಕುವ ಕನ್ನ.

2. ಡಿಎಲ್ ಸೇವೆಗಳ ವಿಭಾಗದಲ್ಲಿ ಕರ್ನಾಟಕ ಎಂದು ಆಯ್ಕೆ ಮಾಡಿದರೆ ಸಾರಥಿಯ ಪುಟ ತೆರೆಯುತ್ತದೆ. ಅಲ್ಲಿ ಡಿಎಲ್ ರಿನ್ಯೂವಲ್ ಎಂಬುದನ್ನು ಒತ್ತಿ.

3. ಡಿಎಲ್ ಸಂಖ್ಯೆ ಮತ್ತು ಜನ್ಮದಿನಾಂಕ ಹಾಕಿ. ಸಂಖ್ಯೆಯಲ್ಲಿ ಮೊದಲು ಕೆಎ, ನಂತರ ಕಚೇರಿಯ ಎರಡಂಕಿ (ಮಂಗಳೂರಿಗೆ 19, ಉಡುಪಿಗೆ 20, ಹೀಗೆ), ಆಮೇಲೆ ನಾಲ್ಕಂಕಿಯ ಇಸವಿ, ಕೊನೆಗೆ ಏಳಂಕಿ. ಹಳೆಯ ಕಾರ್ಡಿನಲ್ಲಿ ಅಂಕಿ ಕಡಿಮೆಯಿದ್ದರೆ ಏಳು ತುಂಬುವಷ್ಟು ಸೊನ್ನೆಗಳನ್ನು ಮುಂದೆ ಸೇರಿಸಿ ನೋಡಿ.

4. ನಿಮ್ಮ ವಿವರ ತೆರೆಯ ಮೇಲೆ ಬರುತ್ತದೆ. ಮುಂದೆ ಒತ್ತುವ ಆತುರ ಬೇಡ. ವಾಹನಗಳ ವರ್ಗ ಎಲ್ಲವೂ ಇವೆಯೇ? ಬೈಕು ಮತ್ತು ಕಾರು ಎರಡಕ್ಕೂ ಡಿಎಲ್ ಇದ್ದು ಇಲ್ಲಿ ಒಂದೇ ಕಾಣಿಸಿದರೆ ಅಲ್ಲೇ ನಿಲ್ಲಿಸಿ, ಮೊದಲು ಕಚೇರಿಯಲ್ಲಿ ಸರಿಪಡಿಸಿಕೊಳ್ಳಿ.

5. ಕಚೇರಿಯನ್ನು ಆರಿಸಿ. ಡಿಎಲ್ ಕೊಟ್ಟ ಕಚೇರಿಗೇ ಹೋಗಬೇಕೆಂಬ ನಿಯಮವಿಲ್ಲ. ಕಲಬುರಗಿಯಲ್ಲಿ ಮಾಡಿಸಿದ್ದನ್ನು ಮೈಸೂರಿನಲ್ಲಿ ನವೀಕರಿಸಬಹುದು. ಮನೆ ಬದಲಾಗಿದ್ದರೆ ವಿಳಾಸ ಬದಲಾವಣೆಯ ಸೇವೆಯನ್ನೂ ಇದೇ ಅರ್ಜಿಯಲ್ಲಿ ಸೇರಿಸಿಕೊಳ್ಳಿ. ಅಂಗಾಂಗ ದಾನಕ್ಕೆ ಒಪ್ಪಿಗೆಯೇ ಎಂದು ಕೇಳುವ ಒಂದು ಪ್ರಶ್ನೆಯೂ ಇರುತ್ತದೆ. ಮನೆಯವರೊಂದಿಗೆ ಮಾತಾಡಿ ಉತ್ತರಿಸುವಂಥದ್ದು.

6. ಸ್ವಯಂ ಘೋಷಣೆ, ದಾಖಲೆಗಳು, ಭಾವಚಿತ್ರ, ಸಹಿ, ಶುಲ್ಕ. ಅರ್ಜಿ ಸಂಖ್ಯೆ ಬಂದ ತಕ್ಷಣ ಬರೆದಿಟ್ಟುಕೊಳ್ಳಿ. ಆಧಾರ್ ಮೂಲಕ ಪೂರ್ತಿ ಮುಗಿಯದಿದ್ದರೆ ಕೊನೆಯಲ್ಲಿ ದಿನ ಮತ್ತು ಸಮಯ ಕಾಯ್ದಿರಿಸಿ, ಮೂಲ ದಾಖಲೆಗಳೊಂದಿಗೆ ಕಚೇರಿಗೆ ಹೋಗಬೇಕು.

ಸೈಬರ್ ಅಂಗಡಿಯಲ್ಲಿ ಮಾಡಿಸುವವರಿಗೆ ಒಂದು ಕಿವಿಮಾತು. ಅರ್ಜಿಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆಯೇ ಇರಲಿ. ಕೆಲಸ ಬೇಗ ಆಗಲೆಂದು ಅಂಗಡಿಯವರು ತಮ್ಮದನ್ನು ಹಾಕಿಬಿಡುತ್ತಾರೆ. ಆಮೇಲೆ ಬರುವ ಪ್ರತಿ ಒಟಿಪಿಗೂ ಪ್ರತಿ ಸಂದೇಶಕ್ಕೂ ಅವರ ಅಂಗಡಿಗೇ ಹೋಗಿ ನಿಲ್ಲಬೇಕಾಗುತ್ತದೆ.

ಹಣದ ಮಾತು

ಕೇಂದ್ರ ನಿಯಮದಲ್ಲಿ ನವೀಕರಣದ ಶುಲ್ಕ 200 ರೂಪಾಯಿ. ಸ್ಮಾರ್ಟ್ ಕಾರ್ಡಿನ ಶುಲ್ಕ ಬೇರೆ. ಪೂರ್ತಿ ಮೊತ್ತ ಪಾವತಿಗೆ ಮೊದಲೇ ತೆರೆಯ ಮೇಲೆ ಬಿಡಿಬಿಡಿಯಾಗಿ ಕಾಣಿಸುತ್ತದೆ. ಮಧ್ಯವರ್ತಿ ಹೇಳಿದ ಮೊತ್ತದೊಂದಿಗೆ ಅದನ್ನು ಹೋಲಿಸಿ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಖಾತೆಯಿಂದ ಹಣ ಹೋಗಿ ರಸೀದಿ ಬರಲಿಲ್ಲವೇ? ಎರಡನೆಯ ಸಲ ಕಟ್ಟಬೇಡಿ. ಸಾರಥಿಯಲ್ಲಿ ಪಾವತಿಯ ಸ್ಥಿತಿ ಪರಿಶೀಲಿಸುವ ಆಯ್ಕೆ ಇದೆ. ಅರ್ಜಿ ಸಂಖ್ಯೆ ಹಾಕಿ ಅಲ್ಲಿ ಮೊದಲು ನೋಡಿ. ನನಗೆ ಸಂಜೆ ಹೋದ ಹಣದ ರಸೀದಿ ಮರುದಿನ ಬೆಳಿಗ್ಗೆ ಸಿಕ್ಕಿತು.

ಹಳೆಯ ಪುಸ್ತಕ ಡಿಎಲ್ ಇದ್ದವರಿಗೆ

ನನ್ನ ಮಾವನವರದು ಪುಟ್ಟ ಪುಸ್ತಕದ ಡಿಎಲ್. ಕೈಬರಹ, ರಬ್ಬರ್ ಮೊಹರು, ಕಪ್ಪು ಬಿಳುಪು ಚಿತ್ರದಲ್ಲಿ ಕೂದಲು ತುಂಬಿದ ತಲೆ. ಸಂಖ್ಯೆಯನ್ನು ಹೇಗೆ ಹಾಕಿದರೂ ಸಾರಥಿ ವಿವರ ಸಿಗಲಿಲ್ಲ ಎಂದೇ ಹೇಳಿತು. ಇಂಥವರ ದಾಖಲೆ ಗಣಕಯಂತ್ರಕ್ಕೆ ಏರಿಯೇ ಇರುವುದಿಲ್ಲ. ಮೊದಲು ಡಿಎಲ್ ಕೊಟ್ಟ ಮೂಲ ಕಚೇರಿಗೆ ಪುಸ್ತಕ ಸಮೇತ ಹೋಗಿ ‘ಬ್ಯಾಕ್‌ಲಾಗ್ ಎಂಟ್ರಿ’ ಮಾಡಿಸಬೇಕು. ಅಲ್ಲಿನ ಹಳೆಯ ರಿಜಿಸ್ಟರಿನೊಂದಿಗೆ ತಾಳೆ ನೋಡಿ ವಿವರಗಳನ್ನು ಸಾರಥಿಗೆ ಸೇರಿಸುತ್ತಾರೆ. ಆಮೇಲೆಯೇ ನವೀಕರಣದ ಅರ್ಜಿ. ಮಾವನವರ ವಿಷಯದಲ್ಲಿ ಇದಕ್ಕೆ ಮೂರು ಓಡಾಟ ಬೇಕಾಯಿತು. ಒಮ್ಮೆ ರಿಜಿಸ್ಟರ್ ಸಿಗಲಿಲ್ಲ, ಒಮ್ಮೆ ಸಿಬ್ಬಂದಿ ರಜೆ. ಪುಸ್ತಕ ಡಿಎಲ್ ಇದ್ದವರು ಎರಡು ಮೂರು ತಿಂಗಳ ನನ್ನ ಲೆಕ್ಕ ಬಿಟ್ಟು ಆರು ತಿಂಗಳು ಮೊದಲೇ ಹೊರಡಿ. ಹೋಗುವ ಮುನ್ನ ಪುಸ್ತಕದ ಪ್ರತಿ ಪುಟವನ್ನೂ ಜೆರಾಕ್ಸ್ ಮಾಡಿಸಿಕೊಳ್ಳಿ, ಆ ಕಾಗದ ಮಡಿಕೆಯಲ್ಲೇ ಹರಿಯುತ್ತದೆ.

ದಿನಾಂಕ ಮೀರಿಯೇ ಹೋಗಿದ್ದರೆ

ಮೊದಲು ವಾಹನ ಓಡಿಸುವುದನ್ನು ನಿಲ್ಲಿಸಿ. ಒಂದು ವರ್ಷದೊಳಗಾದರೆ ಪರೀಕ್ಷೆಯಿಲ್ಲದೆ ನವೀಕರಣವಾಗುತ್ತದೆ. ತಡವಾದದ್ದಕ್ಕೆ ಶುಲ್ಕ 300 ರೂಪಾಯಿ, ಅದರ ಮೇಲೆ ಪ್ರತಿ ವರ್ಷಕ್ಕೆ ಅಥವಾ ಅದರ ಭಾಗಕ್ಕೆ 1,000 ರೂಪಾಯಿ ಹೆಚ್ಚುವರಿ ಎಂದು ನಿಯಮ ಹೇಳುತ್ತದೆ. ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಟ್ಟು ಪಾಸಾಗಬೇಕು. ಮೊದಲು ಈ ಗಡುವು ಐದು ವರ್ಷವಿತ್ತು, 2019ರಲ್ಲಿ ಒಂದಕ್ಕೆ ಇಳಿಸಿದರು. ಮೂವತ್ತು ವರ್ಷ ಗಾಡಿ ಓಡಿಸಿದವರು ಹದಿನೆಂಟರ ಹುಡುಗರ ಸಾಲಿನಲ್ಲಿ ನಿಂತು ‘8’ ಹಾಕುವುದು ನೋಡಲು ಸೊಗಸು, ನಿಂತವರಿಗೆ ಅಷ್ಟೇನೂ ಅಲ್ಲ.

ಕಾರ್ಡು ಬರುವವರೆಗೆ, ಬಂದ ಮೇಲೆ

ಅರ್ಜಿಯ ಸ್ಥಿತಿಯನ್ನು ಸಾರಥಿಯಲ್ಲೇ ನೋಡಬಹುದು. ಏನಾದರೂ ಕೊರತೆಯಿದ್ದು ಅರ್ಜಿ ನಿಂತಿದ್ದರೆ ಕಾರಣ ಅಲ್ಲಿ ಕಾಣುತ್ತದೆ, ವಾರಕ್ಕೊಮ್ಮೆಯಾದರೂ ನೋಡಿ. ಒಪ್ಪಿಗೆಯಾದ ಮೇಲೆ ಸರ್ಕಾರಿ ಆ್ಯಪ್‌ಗಳಾದ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಹೊಸ ದಿನಾಂಕದ ಡಿಎಲ್ ತೆರೆದು ನೋಡಿ. ಈ ಎರಡರಲ್ಲಿರುವ ಡಿಎಲ್ ಮೂಲ ಕಾರ್ಡಿಗೆ ಸಮ ಎಂದು 2018ರಲ್ಲೇ ಕೇಂದ್ರ ಸರ್ಕಾರ ಸೂಚಿಸಿದೆ, ಪೊಲೀಸರಿಗೆ ಅದನ್ನೇ ತೋರಿಸಬಹುದು. ಮೊಬೈಲಿನಲ್ಲಿ ತೆಗೆದ ಕಾರ್ಡಿನ ಫೋಟೊಗೆ ಮಾತ್ರ ಆ ಮಾನ್ಯತೆಯಿಲ್ಲ. ಹಣ ಕಟ್ಟಿದ ರಸೀದಿಯೂ ಡಿಎಲ್ ಅಲ್ಲ. ಅರ್ಜಿ ಹಾಕಿ ಒಪ್ಪಿಗೆ ಬರುವಷ್ಟರಲ್ಲಿ ಹಳೆಯ ಅವಧಿ ಮುಗಿದರೆ, ಆ ನಡುವಿನ ದಿನಗಳಲ್ಲಿ ಬಸ್ಸು ಹಿಡಿಯಿರಿ.

ಕಾರ್ಡು ಸಾಮಾನ್ಯವಾಗಿ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಮನೆಗೆ ಬೀಗ ಹಾಕಿರುವ ದಿನಗಳಿದ್ದರೆ ಅಂಚೆಯಣ್ಣನಿಗೆ ಮೊದಲೇ ಹೇಳಿಡಿ. ಲಕೋಟೆ ತೆರೆದ ಕೂಡಲೇ ಹೆಸರು, ಜನ್ಮದಿನಾಂಕ, ರಕ್ತದ ಗುಂಪು, ವಾಹನದ ವರ್ಗಗಳು, ಎರಡೂ ಅವಧಿಗಳು, ಎಲ್ಲವನ್ನೂ ಹಳೆಯ ಕಾರ್ಡಿನ ಪಕ್ಕ ಇಟ್ಟು ಓದಿ. ತಪ್ಪಿದ್ದರೆ ಆ ವಾರವೇ ಕಚೇರಿಗೆ ತಿಳಿಸಿ. ಮಾವನವರ ಹೊಸ ಕಾರ್ಡಿನಲ್ಲಿ ಎಲ್ಲವೂ ಸರಿಯಿತ್ತು. ಅವರ ತಕರಾರು ಚಿತ್ರದ ಬಗ್ಗೆ ಮಾತ್ರ. ‘ಈ ಮುದುಕ ಯಾರಪ್ಪ?’ ಎಂದು ಕೇಳಿ, ಹರಿದ ಪುಸ್ತಕವನ್ನು ಮತ್ತೆ ಜೇಬಿಗೆ ಹಾಕಿಕೊಂಡರು.